ವರ್ಷಕ್ಕೆರಡು ಸಲ ತೆರೆಯಬೇಕಾದ ಟ್ರಂಕು

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಹಳೇ ಮನೆಗಳಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ, ಬಿದ್ದಾಗಲೆಲ್ಲ ಮನಸ್ಸಿಗೆ ಚುಚ್ಚುತ್ತದೆ. ದಿನಾ ನೀರು ತುಂಬಿ, ದಿನಾ ತಿಕ್ಕಿ ತೊಳೆದ ಹಿತ್ತಾಳೆ ಕೊಡ ಮೂರು ತಲೆಮಾರು ದಾಟಿ ಬಂದಿರುತ್ತದೆ. ಹಾಸಿ ಹೊದ್ದು ಹಣ್ಣಾದ ಕೌದಿ ನಾಲ್ಕು ಕಡೆ ತೇಪೆ ಹಾಕಿಸಿಕೊಂಡು ಇನ್ನೂ ಬೆಚ್ಚಗಿರುತ್ತದೆ. ಅದೇ ಮನೆಯಲ್ಲಿ, ಅವ್ವನ ನೆನಪಿಗೆಂದು ಟ್ರಂಕಿನ ತಳಕ್ಕೆ ಸೇರಿಸಿ ಬೀಗ ಜಡಿದ ಸೀರೆ ಮಾತ್ರ ಮಡಿಕೆಯ ಗೆರೆಗುಂಟ ಸೀಳಿರುತ್ತದೆ. ಅಪ್ಪ ಬರೆದ ಇನ್‌ಲ್ಯಾಂಡ್ ಪತ್ರಗಳ ಕಟ್ಟಿಗೆ ರಬ್ಬರ್ ಬ್ಯಾಂಡು ಕರಗಿ ಮೆತ್ತಿಕೊಂಡಿರುತ್ತದೆ. ಮದುವೆ ಆಲ್ಬಮ್ಮಿನ ಹಾಳೆಗಳು ಒಂದಕ್ಕೊಂದು ಅಂಟಿ ಬಿಡಿಸಲು ಬಾರದಂತಾಗಿರುತ್ತವೆ. ಯಾವುದನ್ನು ಅತಿ ಪ್ರೀತಿಯಿಂದ ಇಟ್ಟರೋ ಅದೇ ಮೊದಲು ಹಾಳಾಗಿದೆ. ಕಾರಣ ಪ್ರೀತಿ ಕಡಿಮೆಯಾದದ್ದಲ್ಲ. ಮುಟ್ಟಿದರೆ ಕೆಡುತ್ತದೆ, ನೋಡಿದರೆ ಅಳು ಬರುತ್ತದೆ ಎಂದು ವರ್ಷಗಟ್ಟಲೆ ಯಾರೂ ಅದನ್ನು ತೆಗೆಯಲೇ ಇಲ್ಲ, ಅಷ್ಟೇ.

ತೆಗೆಯಬೇಕು. ತೆಗೆದು, ಬಿಚ್ಚಿ, ಝಾಡಿಸಿ, ನೆರಳಿಗೆ ಹಾಕಿ, ಬೇರೆ ರೀತಿಯಲ್ಲಿ ಮಡಚಿ ಇಡಬೇಕು. ನೆನಪಿನ ವಸ್ತುವಿನ ಸಂತೋಷವೆಲ್ಲ ಇರುವುದು ಈ ಕೆಲಸದಲ್ಲೇ. ಬೀಗ ಹಾಕಿದ ಪೆಟ್ಟಿಗೆ ಮನೆಯಲ್ಲಿದೆ ಎಂಬ ತಿಳಿವಳಿಕೆಯಿಂದ ಸಮಾಧಾನ ಸಿಗಬಹುದು, ಆದರೆ ಅವ್ವನ ಸೆರಗನ್ನು ಎರಡು ಕೈಯಲ್ಲಿ ಹಿಡಿದು ಬಿಸಿಲಿಗೆ ಅಡ್ಡ ಮಾಡಿ ಎಲ್ಲಿ ತೆಳ್ಳಗಾಗಿದೆ ಎಂದು ನೋಡುವ ಹೊತ್ತಿನ ಸುಖವೇ ಬೇರೆ. ಅವಳು ಯಾವ ಹೆಗಲಿಗೆ ಹೆಚ್ಚು ಭಾರ ಹೊರುತ್ತಿದ್ದಳೆಂಬುದು ಆಗ ಆ ಬಟ್ಟೆಯಲ್ಲೇ ಕಾಣುತ್ತದೆ.

ನಮ್ಮ ಸೀಮೆಯ ಹವೆ ಈ ವಿಷಯದಲ್ಲಿ ಅರ್ಧ ವರ, ಅರ್ಧ ಶಾಪ. ಕರಾವಳಿ, ಮಲೆನಾಡಿನವರು ಕಾಗದ-ಬಟ್ಟೆಗೆ ಹಿಡಿಯುವ ಬೂಸ್ಟಿನೊಂದಿಗೆ ಮಳೆಗಾಲವಿಡೀ ಹೆಣಗುತ್ತಾರೆ. ಇಲ್ಲಿಯ ಒಣಹವೆಯಲ್ಲಿ ಆ ಕಾಟ ಕಡಿಮೆ. ಆದರೆ ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಸೆಕೆ, ಸಂಡೂರು ಕಡೆಯ ಅದಿರಿನ ಕೆಂಧೂಳು, ಎರೆಹೊಲದ ಕರಿಧೂಳು, ಶಕ್ತಿನಗರದ ಉಷ್ಣವಿದ್ಯುತ್ ಸ್ಥಾವರದ ಸುತ್ತ ಹಾರುಬೂದಿ, ಮಣ್ಣಿನ ಗೋಡೆಯೊಳಗಿಂದ ಏರುವ ಗೆದ್ದಲು, ಹಳ್ಳಿಗಳಲ್ಲಿ ಮೇಲ್ಮುದ್ದೆಯ (ಮಣ್ಣು ಹೊದಿಸಿದ) ಮಾಳಿಗೆಯಿಂದ ಹಿಂಗಾರಿಯಲ್ಲಿ ತೊಟ್ಟಿಕ್ಕುವ ನೀರು ಇವೆಲ್ಲ ಸೇರಿ ಆ ಲಾಭವನ್ನು ತಿಂದುಹಾಕುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ, ಯಾರೂ ಅನುಮಾನಿಸದ ಶತ್ರು ಏರ್ ಕೂಲರ್. ಅದು ನೀರನ್ನು ಹವೆಗೆ ಬೆರೆಸಿಯೇ ತಂಪು ಮಾಡುವ ಯಂತ್ರ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಾರ್ಚಿನಿಂದ ಜೂನ್‌ವರೆಗೆ ಅದು ತಿರುಗಿದರೆ ಆ ಕೋಣೆಯ ಟ್ರಂಕು, ಬೀರು, ಗೋಡೆಯ ಫೋಟೋ ಎಲ್ಲಕ್ಕೂ ಕರಾವಳಿಯ ಹವೆಯೇ ಸಿಕ್ಕಂತೆ. ಆದ್ದರಿಂದ ನೆನಪಿನ ಟ್ರಂಕು ಕೂಲರ್ ಇರುವ ಕೋಣೆಯಲ್ಲಿ ಬೇಡ. ಬಿಸಿಲಿಗೆ ಕಾದ ಆರ್‌ಸಿಸಿ ತಾರಸಿಯ ಅಡಿಯ ಅಟ್ಟದ ಮೇಲೆಯೂ ಬೇಡ. ಪಡುವಣ ಹೊರಗೋಡೆಗೆ ತಾಗಿಸಿಯೂ ಬೇಡ. ಒಳಕೋಣೆಯಲ್ಲಿ, ಎರಡು ಸಾಲು ಇಟ್ಟಿಗೆಯ ಮೇಲೆ, ಗೋಡೆಯಿಂದ ನಾಲ್ಕು ಬೆರಳು ದೂರ ಇರಲಿ. ಆ ನಾಲ್ಕು ಬೆರಳಿನ ಸಂದಿನಲ್ಲಿ ಗೆದ್ದಲಿನ ಮಣ್ಣಿನ ದಾರಿ ಎದ್ದರೆ ಕಸ ಹೊಡೆಯುವಾಗಲೇ ಗೊತ್ತಾಗುತ್ತದೆ.

ತೆರೆಯಲು ಎರಡು ಕಾಲ ಒಳ್ಳೆಯವು. ಒಂದು, ದಸರೆಗೆ ಮೊದಲು ಮನೆ ಹಸನು ಮಾಡುವ ವಾರ: ಮಳೆಗಾಲದಲ್ಲಿ ಒಳಗೆ ಏನಾದರೂ ಆಗಿದ್ದರೆ ಆಗ ಸಿಕ್ಕಿಬೀಳುತ್ತದೆ. ಇನ್ನೊಂದು ಶಿವರಾತ್ರಿಯ ಆಸುಪಾಸು: ಚಳಿ ಹೋಗಿರುತ್ತದೆ, ಸೆಕೆ ಇನ್ನೂ ಏರಿರುವುದಿಲ್ಲ, ಹವೆ ಒಣಗಿರುತ್ತದೆ. ಮುಂಜಾನೆ ಎಂಟರಿಂದ ಹತ್ತು ಗಂಟೆ, ಪಡಸಾಲೆಯ ನೆರಳು. ಬಿಸಿಲಿಗೆ ಹಾಕುವುದು ನಮ್ಮ ಹಿರಿಯರ ರೂಢಿ ನಿಜ, ಹುಳಕ್ಕೆ ಅದು ಒಳ್ಳೆಯ ಮದ್ದೂ ಹೌದು. ಆದರೆ ಹಳೇ ಬಣ್ಣ ಬಿಸಿಲಿಗೆ ಮಾಸಿದರೆ ತಿರುಗಿ ಬರುವುದಿಲ್ಲ. ದಿನಬಳಕೆಯ ಕೌದಿಗೆ ಬಿಸಿಲು, ನೆನಪಿನ ಸೀರೆಗೆ ನೆರಳು.

ದಿನ ಮಾಡಿ ಮುಗಿದ ಮೇಲೆ

ಹನ್ನೊಂದನೆಯ ದಿನವೋ ಶಿವಗಣಾರಾಧನೆಯೋ ಮುಗಿದು, ಬೀಗರು-ಬಿಜ್ಜರು ಬಸ್ಸು ಹತ್ತಿ ಹೋದ ಮೇಲೆ, ಮನೆಯಲ್ಲಿ ಹೆಣ್ಣುಮಕ್ಕಳಷ್ಟೇ ಉಳಿದ ಮಧ್ಯಾಹ್ನವೊಂದು ಬರುತ್ತದೆ. ಯಾರೋ ಬೀರು ತೆರೆಯುತ್ತಾರೆ. ಹಿಂದಿನಿಂದ ಸೋದರತ್ತೆಯ ದನಿ: "ಸತ್ತವರ ಅರಿವಿ ಮನ್ಯಾಗ ಇಟ್ಕೋಬಾರ್ದವಾ, ಯಾರಿಗರ ಕೊಟ್ಟುಬಿಡ್ರಿ." ಸಣ್ಣವಳು ಆ ಮಾತನ್ನು ಕೇಳಿಯೂ ಕೇಳದಂತೆ ಒಂದು ಸೀರೆಯನ್ನು ಮಡಿಲಿಗೆ ಎಳೆದುಕೊಂಡಿರುತ್ತಾಳೆ. "ಅಕ್ಕಾ, ಈ ಹಸರ ಸೀರಿ ನನಗಿರ್ಲಿ ಬೇ. ನನ್ನ ಕುಬಸಕ್ಕ (ಸೀಮಂತಕ್ಕೆ) ಬಂದಾಗ ಇದನ್ನ ಉಟ್ಟಿದ್ಲು." ದೊಡ್ಡವಳಿಗೂ ಅದೇ ಬೇಕಿತ್ತು, ಹೇಳುವುದಿಲ್ಲ. ರೇಷ್ಮೆ ಸೀರೆಗಳು ಯಾರ ಪಾಲಿಗೆ ಎಂಬುದು ಐದು ನಿಮಿಷದಲ್ಲಿ ತೀರ್ಮಾನವಾಗುತ್ತದೆ. ಒಲೆಯ ಮುಂದೆ ಉಟ್ಟು ಉಟ್ಟು ಸೆರಗಿನ ತುದಿ ಎಣ್ಣೆಗಟ್ಟಿದ ನೂಲಿನ ಸೀರೆಯ ಮುಂದೆ ಮಾತ್ರ ಎಲ್ಲರ ಕೈಯೂ ನಿಲ್ಲುತ್ತದೆ.

ಆ ದಿನ ಏನನ್ನೂ ತೀರ್ಮಾನಿಸಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ದುಃಖದಲ್ಲಿ ಕೈ ಎರಡು ತಪ್ಪು ಮಾಡುತ್ತದೆ. ಒಂದೋ ಎಲ್ಲವನ್ನೂ ಕೊಟ್ಟುಬಿಡುತ್ತದೆ, ಇಲ್ಲವೇ ಎಲ್ಲವನ್ನೂ ಇಟ್ಟುಕೊಳ್ಳುತ್ತದೆ. ಬಟ್ಟೆಗಳನ್ನೆಲ್ಲ ಹಳೇ ಧೋತರದಲ್ಲಿ ಗಂಟು ಕಟ್ಟಿ ಮೂರು ತಿಂಗಳು ಇಡಿ. ಆಮೇಲೆ ಒಬ್ಬೊಬ್ಬರು ಒಂದೊಂದು ಆರಿಸಿಕೊಳ್ಳಲಿ, ಅದೂ ಬೆಲೆ ನೋಡಿ ಅಲ್ಲ, ಕಣ್ಣು ಮುಚ್ಚಿದಾಗ ಅವ್ವ ಯಾವ ಸೀರೆಯಲ್ಲಿ ಕಾಣುತ್ತಾಳೋ ಅದನ್ನು. ಅತ್ತೆಯ ಮಾತನ್ನು ತಳ್ಳಿಹಾಕಬೇಕಿಲ್ಲ. ಒಗೆದು, ಕತ್ತರಿಸಿ, ಕೌದಿ ಮಾಡಿದ ಬಟ್ಟೆಯನ್ನು ಯಾವ ಹಿರಿಯರೂ 'ಸತ್ತವರ ಅರಿವೆ' ಎಂದು ದೂರ ಇಡುವುದಿಲ್ಲ. ಅದರಲ್ಲೇ ಕೂಸನ್ನು ಮಲಗಿಸುತ್ತಾರೆ.

ಇಡಿಯಾಗಿ ಉಳಿಸುವ ಒಂದು ಸೀರೆ

ಒಬ್ಬರ ನೆನಪಿಗೆ ಒಂದು ಸೀರೆಯನ್ನು ಕತ್ತರಿ ಹಾಕದೆ ಇಟ್ಟರೆ ಸಾಕು. ಆ ಒಂದಕ್ಕೆ ಮಾಡಬೇಕಾದ ಆರೈಕೆಯನ್ನು ಹತ್ತಕ್ಕೆ ಯಾರೂ ಮಾಡಲಾರರು.

ಇಲ್ಲಿ ಆ ಒಂದು ಬಹುಮಟ್ಟಿಗೆ ಇಳಕಲ್ ಸೀರೆಯೇ. ಕುಷ್ಟಗಿ, ದೋಟಿಹಾಳ ಕಡೆಯ ಮಗ್ಗಗಳಲ್ಲೂ ಅದನ್ನು ನೇಯುತ್ತಾರೆ. ಇಳಕಲ್ಲಿನ ಹಾಸು ಎರಡು ತುಂಡಿನದು: ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ, ಎರಡರ ಎಳೆಗಳನ್ನೂ ಕೊಂಡಿ ಹಾಕಿ ಸೇರಿಸಿರುತ್ತಾರೆ. ಒಡಲು ನೂಲಿನದು, ಸೆರಗು ರೇಷ್ಮೆಯದಾಗಿದ್ದರೆ ಎರಡೂ ಒಂದೇ ಸಮನೆ ಕುಗ್ಗುವುದಿಲ್ಲ, ಒಂದೇ ಸಮನೆ ಸವೆಯುವುದಿಲ್ಲ. ಹಳೇ ಇಳಕಲ್ ಮೊದಲು ಬಿಡುವುದು ಆ ಕೊಂಡಿಯ ಗೆರೆಯಲ್ಲಿ. ಹ್ಯಾಂಗರಿಗೆ ನೇತುಹಾಕಿದರೆ ಇಡೀ ಒಡಲಿನ ಭಾರ ಆ ಗೆರೆಯ ಮೇಲೆ ಬೀಳುತ್ತದೆ. ನೇತುಹಾಕಬೇಡಿ. ಮಡಚುವಾಗ ಮಡಿಕೆ ಕೊಂಡಿಯ ಮೇಲೆ ಬಾರದಂತೆ ನೋಡಿ. ಮಡಿಕೆಯ ಒಳಗೆ ಹಳೇ ನೂಲಿನ ಬಟ್ಟೆಯನ್ನು ಸುರುಳಿ ಸುತ್ತಿ ಇಟ್ಟರೆ ಬಟ್ಟೆ ಚೂಪಾಗಿ ಮುರಿಯುವುದಿಲ್ಲ. ಪ್ರತಿ ಸಲ ತೆರೆದಾಗ ಹಿಂದಿನ ಗೆರೆ ಬಿಟ್ಟು ಬೇರೆ ಕಡೆ ಮಡಚಿ. ಇದಕ್ಕಿಂತ ಒಳ್ಳೆಯ ಉಪಾಯವೆಂದರೆ ಅರಿವೆ ಅಂಗಡಿಯಲ್ಲಿ ಥಾನು ಸುತ್ತಿ ಬರುವ ರಟ್ಟಿನ ಕೊಳವೆ. ಅದಕ್ಕೆ ಒಂದು ಸುತ್ತು ಒಗೆದ ಧೋತರ ಸುತ್ತಿ, ಅದರ ಮೇಲೆ ಸೀರೆಯನ್ನು ಉದ್ದಕ್ಕೆ ಒಂದೇ ಮಡಿಕೆ ಮಾಡಿ ಸುತ್ತಿದರೆ ಸಾಧಾರಣ ಟ್ರಂಕಿನಲ್ಲಿ ಕೂರುತ್ತದೆ.

ಇಡುವ ಮೊದಲು ಒಗೆಯಬೇಕು, ಗಂಜಿ ಹಾಕಬಾರದು. ಗಂಜಿ ಹುಳಕ್ಕೆ ಊಟ. ಬಟ್ಟೆಯನ್ನು ಬಿರುಸು ಮಾಡಿ ಮಡಿಕೆಯಲ್ಲಿ ಮುರಿಯುತ್ತದೆ ಕೂಡ. ಒಗೆಯುವ ಮೊದಲು ಬಿಳಿ ಅರಿವೆಯ ಮೂಲೆಯನ್ನು ನೆನೆಸಿ ಕೆಂಪು ದಡಿಯ ಮೇಲೆ ಒಂದು ನಿಮಿಷ ಒತ್ತಿ ಹಿಡಿಯಿರಿ. ಬಣ್ಣ ಹತ್ತಿದರೆ ಆ ಸೀರೆಗೆ ನೀರು ಬೇಡ, ಮೆತ್ತನೆ ಬ್ರಷ್ಷಿನಿಂದ ಧೂಳು ತೆಗೆದರೆ ಸಾಕು. ಹತ್ತದಿದ್ದರೆ ಅಂಟುವಾಳದ ತಿಳಿನೀರು, ಹಿಂಡದೆ ಒಣಗಿಸುವುದು. ಒಗೆದರೆ ಅವ್ವನ ವಾಸನೆ ಹೋಗುತ್ತದಲ್ಲ ಎಂದು ಮನಸ್ಸು ತಡೆಯುತ್ತದೆ. ಹೋಗುತ್ತದೆ. ಅದಕ್ಕಾಗಿ ಕುಪ್ಪಸವನ್ನೋ ತಲೆಗೆ ಕಟ್ಟುತ್ತಿದ್ದ ವಸ್ತ್ರವನ್ನೋ ಒಗೆಯದೆ, ಬಿಗಿ ಮುಚ್ಚಳದ ಗಾಜಿನ ಡಬ್ಬಿಯಲ್ಲಿ ಬೇರೆಯೇ ಇಡಿ. ಮೈಯ ಎಣ್ಣೆ-ಬೆವರು ಇರುವ ಆ ಅರಿವೆ ದಿನ ಹೋದಂತೆ ಹಳದಿಗಟ್ಟುತ್ತದೆ. ತೆರೆದಷ್ಟೂ ವಾಸನೆ ಕರಗುತ್ತದೆ. ಅಷ್ಟನ್ನು ಒಪ್ಪಿಕೊಂಡೇ ಇಡಬೇಕಾದದ್ದು ಅದು. ಸೀರೆಯ ಜತೆಗಂತೂ ಇಡಬೇಡಿ, ಹುಳ ಮೊದಲು ಅಲ್ಲಿಗೇ ಬರುತ್ತದೆ.

ಹುಳದ ಮದ್ದಿನಲ್ಲೇ ಹೆಚ್ಚು ಅನಾಹುತ. ನುಸಿಗುಳಿಗೆಯ ಆವಿ ಗಾಳಿಗಿಂತ ಭಾರ, ಕೆಳಕ್ಕೆ ಇಳಿಯುತ್ತದೆ. ತಳದಲ್ಲಿ ಚೆಲ್ಲುವ ಬದಲು ಬಟ್ಟೆಯ ಮೇಲ್ಭಾಗದಲ್ಲಿ ಸಣ್ಣ ಚೀಲಕ್ಕೆ ಹಾಕಿ ಇಡಬೇಕು. ಬಟ್ಟೆಗೆ ನೇರ ತಾಗಿದರೆ ಕಲೆ ಬೀಳುತ್ತದೆ. ನುಸಿಗುಳಿಗೆ ಮತ್ತು ಕರ್ಪೂರ ಎರಡನ್ನೂ ಒಟ್ಟಿಗೆ ಹಾಕುವುದು ಇಲ್ಲಿ ಬಹಳ ಮನೆಗಳ ರೂಢಿ. ಬೇರೆ ಬೇರೆ ಇದ್ದಾಗ ಗಟ್ಟಿಯಾಗಿಯೇ ಇರುವ ಇವು ಒಂದಕ್ಕೊಂದು ತಾಗಿದರೆ ನಮ್ಮ ಬೇಸಿಗೆಯ ಸೆಕೆಗೇ ಕರಗಿ ಎಣ್ಣೆಯಂತೆ ಬಟ್ಟೆಗೆ ಇಳಿಯುತ್ತವೆ. ಕೂಸಿಗೆ ಹೊದಿಸುವ ಬಟ್ಟೆ, ಕೌದಿಗಳಿಗಂತೂ ನುಸಿಗುಳಿಗೆ ಬೇಡವೇ ಬೇಡ. ಕೆಲವು ಮಕ್ಕಳ ರಕ್ತದಲ್ಲಿ ಹುಟ್ಟಿನಿಂದಲೇ ಒಂದು ಕಿಣ್ವದ ಕೊರತೆ ಇರುತ್ತದೆ, ಅಂಥ ಎಳೆಗೂಸಿಗೆ ಅದರ ಆವಿಯಿಂದ ಕಾಮಾಲೆ, ರಕ್ತಹೀನತೆ ಬರಬಹುದು. ಬೇವಿನ ಎಲೆ, ಬಜೆಬೇರು ಸುರಕ್ಷಿತ, ಆದರೆ ಎಲೆ ನೆರಳಲ್ಲಿ ಪೂರ್ತಿ ಒಣಗಿ ಮುರಿಯುವಂತಿರಬೇಕು. ಹಸಿ ಎಲೆ ಹಾಕಿದರೆ ಹಸಿರು ಕಲೆಯ ಜತೆ ಬೂಸ್ಟು ಉಚಿತ. ಪ್ರತಿ ದಸರೆಗೆ ಬದಲಿಸಿ. ಆಗಲೇ ಹುಳ ಬಿದ್ದಿದ್ದರೆ ಸೀರೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ ಫ್ರಿಜ್ಜಿನ ಫ್ರೀಜರಿನಲ್ಲಿ ಎರಡು ವಾರ ಇಡಿ. ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ಹವೆಯ ತೇವ ತಣ್ಣನೆ ಬಟ್ಟೆಯ ಮೇಲೆ ನೀರಾಗುತ್ತದೆ. ಜರಿ ಇದ್ದರೆ ರಬ್ಬರ್ ಬ್ಯಾಂಡು, ಪತ್ರಿಕೆಯ ಹಾಳೆ ಹತ್ತಿರವೂ ಸುಳಿಯಬಾರದು. ರಬ್ಬರಿನ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ.

ಕೌದಿ

ಉಳಿದ ಸೀರೆಗಳನ್ನು ಕತ್ತರಿಸಿ. ಅವ್ವನ ಸೀರೆಗೆ ಕತ್ತರಿ ಹಾಕುವುದು ಹೇಗೆ ಎಂದು ಹಿಂಜರಿಯುವವರಿಗೆ ಹೇಳುವ ಮಾತು ಒಂದೇ: ಅವ್ವ ತನ್ನ ಅವ್ವನ ಸೀರೆಗೆ ಕತ್ತರಿ ಹಾಕಿದ್ದಳು, ಅದಕ್ಕೇ ನೀವು ಅಜ್ಜಿಯ ಸೀರೆಯಲ್ಲಿ ಮಲಗಿ ಬೆಳೆದದ್ದು. ನಮ್ಮ ಸೀಮೆ ಕಂಡುಕೊಂಡ ನೆನಪಿನ ವಿಧಾನಗಳಲ್ಲಿ ಕೌದಿಗಿಂತ ದೊಡ್ಡದು ಇನ್ನೊಂದಿಲ್ಲ.

ಲೆಕ್ಕ ಹೀಗೆ. ಒಬ್ಬರು ಹೊದೆಯುವ ಕೌದಿ ಐದು ಅಡಿ ಅಗಲ, ಏಳು ಅಡಿ ಉದ್ದ. ಐದೂವರೆ ಮೀಟರಿನ ಒಂದು ಸೀರೆ ಈ ಅಳತೆಗೆ ಎರಡು ಪದರು ಕೊಡುತ್ತದೆ. ಎಂಟು-ಒಂಬತ್ತು ಗಜದ ಹಳೇ ಸೀರೆಯಾದರೆ ಎರಡೂವರೆಯಿಂದ ಮೂರು. ಆರು ಪದರಿನ ಕೌದಿಗೆ ಮೂರು ಸೀರೆ ಬೇಕು, ನಾಲ್ಕು ಪದರಿಗೆ ಎರಡು ಸಾಕು. ಆರಕ್ಕಿಂತ ಹೆಚ್ಚು ಮಾಡಿದರೆ ಸೂಜಿ ಇಳಿಯುವುದಿಲ್ಲ, ಬೆರಳು ಗಾಯವಾಗುತ್ತದೆ, ಒಗೆದಾಗ ಒಳಪದರು ಒಣಗದೆ ಮುಗ್ಗುತ್ತದೆ. ಒಂದೊಂದು ತುಂಡನ್ನೂ ಬೆಳಕಿಗೆ ಹಿಡಿದು ನೋಡಿ. ಆಚೆಯ ಬೆರಳು ಎಣಿಸಲು ಬರುವಷ್ಟು ತೆಳ್ಳಗಾಗಿದ್ದರೆ ಅದು ಒಳಪದರಿಗೆ. ಕೂತು ಸವೆದ ನಡುಭಾಗ, ನೆಲಕ್ಕೆ ಉಜ್ಜಿದ ನಿರಿಗೆಯ ಅಂಚು ಸಾಮಾನ್ಯವಾಗಿ ಹಾಗಿರುತ್ತವೆ. ಅಪ್ಪನ ಧೋತರ ತಳಪದರಿಗೆ ಅತ್ಯುತ್ತಮ. ನೂಲಿನ ಜತೆ ಪಾಲಿಯೆಸ್ಟರ್ ಸೀರೆ ಬೆರೆಸಬೇಡಿ. ಗಟ್ಟಿ ಎಳೆ ಪಕ್ಕದ ಮೆತ್ತನೆ ಎಳೆಯನ್ನು ವರ್ಷಾನುಗಟ್ಟಲೆ ಉಜ್ಜಿ ಕೊಯ್ಯುತ್ತದೆ. ದಾರವೂ ಅದೇ ಕಾರಣಕ್ಕೆ ನೂಲಿನದೇ ಇರಲಿ. ಜರಿಯ ಸೆರಗು ಮೈಗೆ ಚುಚ್ಚುತ್ತದೆ, ಅದನ್ನು ಕಾಲಿನ ಕಡೆಯ ಅಂಚಿಗೆ ಇಡಿ. ಬಣ್ಣ ಬಿಡುವ ತುಂಡುಗಳನ್ನು ಮೊದಲೇ ಬೇರೆ ನೆನೆಸಿ ಒಗೆಯದಿದ್ದರೆ ಮೊದಲ ಒಗೆತಕ್ಕೇ ಬಿಳಿ ಧೋತರ ಗುಲಾಬಿಯಾಗುತ್ತದೆ.

ಹೊಲಿಯುವಾಗ ತಳದ ಧೋತರವನ್ನು ನೆಲದ ಮೇಲೆ ಬಿಗಿಯಾಗಿ ಹಾಸಿ, ನಾಲ್ಕು ಮೂಲೆಗೂ ಕಲ್ಲು ಇಟ್ಟು, ಪದರುಗಳನ್ನು ಒಂದರ ಮೇಲೊಂದು ಸವರುತ್ತ ಹಾಸಬೇಕು. ಆಮೇಲೆ ಗೇಣಿಗೊಂದರಂತೆ ಉದ್ದಕ್ಕೂ ಅಡ್ಡಕ್ಕೂ ಕಚ್ಚಾ ಹೊಲಿಗೆ. ಈ ಕಚ್ಚಾ ಹೊಲಿಗೆ ಬಿಟ್ಟರೆ ಏನಾಗುತ್ತದೆಂದು ಹೊಸದಾಗಿ ಹೊಲಿದವರ ಕೌದಿ ನೋಡಿದರೆ ತಿಳಿಯುತ್ತದೆ: ಅಂಚಿನಿಂದ ಸುತ್ತು ಹಾಕುತ್ತ ನಡುವಿಗೆ ಬರುವಷ್ಟರಲ್ಲಿ ಮೇಲಿನ ಬಟ್ಟೆ ಎಲ್ಲ ಸರಿದು ಬಂದು ನಡುವೆ ಗುಪ್ಪೆಯಾಗಿ ಏಳುತ್ತದೆ. ಅದನ್ನು ಬಿಚ್ಚದೆ ಸರಿಪಡಿಸಲು ಬರುವುದಿಲ್ಲ. ಸಾಲಿನಿಂದ ಸಾಲಿಗೆ ಮುಕ್ಕಾಲು ಇಂಚು, ಅಂದರೆ ಒಂದು ಬೆರಳಗಲ ಬಿಟ್ಟರೆ ಈ ಅಳತೆಯ ಕೌದಿಗೆ ಒಟ್ಟು ಹೊಲಿಗೆಯ ಉದ್ದ ಸುಮಾರು 170 ಮೀಟರ್; ಎರಡೆಳೆಯಲ್ಲಿ ಹೊಲಿದರೆ 400 ಮೀಟರ್ ದಾರ ಕೈಯಲ್ಲಿರಲಿ. ಒಂದು ಸಲಕ್ಕೆ ತೋಳಿನುದ್ದಕ್ಕಿಂತ ಹೆಚ್ಚು ದಾರ ಪೋಣಿಸಿದರೆ ಸುರುಳಿಗಟ್ಟಿ ಗಂಟಾಗುತ್ತದೆ. ಗಂಟನ್ನು ಪದರಿನ ಒಳಗೆ ಎಳೆದು ಮುಚ್ಚಿ, ಹೊರಗೆ ಬಿಟ್ಟ ಗಂಟು ಒಗೆಯುವ ಕಲ್ಲಿಗೆ ಸಿಕ್ಕು ಹರಿಯುತ್ತದೆ. ಮನೆಯಲ್ಲಿ ಹೊಲಿಯುವವರಿಲ್ಲದಿದ್ದರೆ ಊರೂರು ತಿರುಗಿ ಕೌದಿ ಹೊಲಿದುಕೊಡುವ ಗೊಂದಳಿಗರ ಹೆಣ್ಣುಮಕ್ಕಳನ್ನು ಕೇಳಿ. ಕೂಲಿಯಲ್ಲಿ ಚೌಕಾಸಿ ಮಾಡಬೇಡಿ. ಅಷ್ಟು ಸಮನಾದ ಹೊಲಿಗೆಯನ್ನು ಬೇರೆ ಯಾರ ಕೈಯಲ್ಲೂ ಕಾಣುವುದಿಲ್ಲ.

ಮೇಲ್ಪದರಿನ ತೇಪೆಗಳನ್ನು ಚೆಂದಕ್ಕಷ್ಟೇ ಜೋಡಿಸಬೇಡಿ. ಯಾರ ತುಂಡು ಎಲ್ಲಿ ಎಂದು ಯೋಚಿಸಿ ಇಡಿ. ಅವ್ವನ ಸೆರಗು ಮುಖದ ಕಡೆ ಬರಲಿ. ಅಪ್ಪನ ಅಂಗಿಯ ಜೇಬನ್ನು ಜೇಬಾಗಿಯೇ ಉಳಿಸಿ, ಬಾಯಿ ತೆರೆದಿರುವಂತೆ ಹೊಲಿಯಿರಿ. ಮೊಮ್ಮಕ್ಕಳು ಅದರಲ್ಲಿ ಕೈ ತುರುಕುತ್ತಾರೆ, ಪುಟಾಣಿ-ಬೆಲ್ಲ ಬಚ್ಚಿಡುತ್ತಾರೆ. ಇರುವೆ ಬಂದೀತು, ಬರಲಿ.

ದಸರೆಯ ಮುಂಚೆ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಎಡದಂಡೆ ಕಾಲುವೆಯ ಪಾವಟಿಗೆಗಳ ಮೇಲೆ ಇಡೀ ಊರಿನ ಕೌದಿಗಳು ಬಂದು ಬೀಳುತ್ತವೆ. ಮೂರು ಸೀರೆಯ ಕೌದಿ ಒಣಗಿದ್ದಾಗ ಎರಡು ಕಿಲೋದ ಒಳಗೆ. ನೆನೆದರೆ ಅದರ ಎರಡು-ಮೂರು ಪಟ್ಟು. ಹಿಂಡುವುದು ಒಬ್ಬರ ಕೈಲಾಗುವ ಕೆಲಸವಲ್ಲ. ಅತ್ತೆ ಒಂದು ತುದಿ, ಸೊಸೆ ಒಂದು ತುದಿ ಹಿಡಿದು ತಿರುವುತ್ತಾರೆ. ನಡುವೆ ನಿಂತ ಹುಡುಗಿ ತೇಪೆಯೊಂದರ ಮೇಲೆ ಬೆರಳಿಟ್ಟು ಕೇಳುತ್ತಾಳೆ, ಇದು ಯಾರದು? "ಅದು ನಿಮ್ಮ ಮುತ್ತ್ಯಾನ ರುಮಾಲ. ಈ ಕಡೇದು ನಿಮ್ಮ ಆಯಿ ಸೀರಿ, ಹುಲಿಗೆಮ್ಮನ ಜಾತ್ರಿಗೆ ಅಷ್ಟ ಉಡತಿದ್ಲು." ಆ ಮುತ್ತ್ಯಾನನ್ನು ಹುಡುಗಿ ನೋಡಿಯೇ ಇಲ್ಲ. ಆದರೂ ಅವನ ರುಮಾಲಿನ ಬಣ್ಣ ಅವಳಿಗೆ ಗೊತ್ತು, ಅದು ಹೊದ್ದಾಗ ಎಡಗಾಲಿಗೆ ತಾಗುತ್ತದೆಂಬುದೂ ಗೊತ್ತು. ಹಳೇ ಕೌದಿಯನ್ನು ನೀರಿನಿಂದ ಎತ್ತುವಾಗ ಅಂಚು ಹಿಡಿದು ಜಗ್ಗಬೇಡಿ, ನೀರಿನ ಭಾರಕ್ಕೆ ಹೊಲಿಗೆ ಕಿತ್ತುಬರುತ್ತದೆ. ಮಡಚಿ, ಅಡಿಗೆ ಎರಡೂ ಕೈ ಕೊಟ್ಟು ಎತ್ತಿ.

ಗೋಡೆಯ ಮೇಲಿನವರು

ಕಟ್ಟು ಹಾಕಿಸಿ, ಗಂಧದ ಹಾರ ಹಾಕಿ, ದಿನಾ ಊದಿನಕಡ್ಡಿ ಬೆಳಗುವ ಫೋಟೋ ಆ ಮನೆಯಲ್ಲಿರುವ ಒಂದೇ ಪ್ರತಿಯಾಗಿರುತ್ತದೆ. ಅದಕ್ಕೇ ಹೊಗೆ, ಕುಂಕುಮ, ಕಿಟಕಿಯ ಬಿಸಿಲು, ಗೋಡೆಯ ತೇವ ಎಲ್ಲ. ಮಾಡಬೇಕಾದದ್ದು ಸರಳ: ಮೂಲ ಚಿತ್ರವನ್ನು ಇಳಿಸಿ ಒಳಗಿಡಿ, ಅದರ ಪ್ರತಿಯನ್ನು ಗೋಡೆಗೆ ಹಾಕಿ ಪೂಜಿಸಿ. ಹಳೇ ಸ್ಟುಡಿಯೋಗಳ ಕಪ್ಪು-ಬಿಳುಪು ಚಿತ್ರ ಗಟ್ಟಿ, ನೆರಳಿನಲ್ಲಿದ್ದರೆ ನೂರು ವರ್ಷ ಬಾಳುವಂಥದು. 1980ರ ದಶಕದ ಕಲರ್ ಪ್ರಿಂಟುಗಳೇ ನಾಜೂಕು, ಬೆಳಕಿಗೆ ಅವುಗಳ ಬಣ್ಣ ಮಾಸಿ ಮುಖ ಅಳಿಯುತ್ತ ಹೋಗುತ್ತದೆ. ಸ್ಕ್ಯಾನ್ ಮಾಡಿಸುವಾಗ ಪೋಸ್ಟ್‌ಕಾರ್ಡ್ ಅಳತೆಯ ಚಿತ್ರಕ್ಕೆ 600 ಡಿಪಿಐ, ಪಾಸ್‌ಪೋರ್ಟ್ ಅಳತೆಯದಕ್ಕೆ 1200 ಕೇಳಿ. ಅಂಗಡಿಯವರು ಮುಖವನ್ನು ನುಣ್ಣಗೆ ಮಾಡಿ, ಹಿಂದೆ ನೀಲಿ ಪರದೆ ಹಾಕಿ ಕೊಡುತ್ತಾರೆ. ಅದು ಗೋಡೆಗಿರಲಿ, ತಿದ್ದದ ಪ್ರತಿಯನ್ನೂ ಕೇಳಿ ಪಡೆಯಿರಿ. ಅಜ್ಜನ ಹಣೆಯ ಗಾಯದ ಗುರುತು ಇರುವುದು ಅದರಲ್ಲಿ. ಚಿತ್ರ ಗಾಜಿಗೆ ಅಂಟಿದ್ದರೆ ಕೀಳಬೇಡಿ. ಕಿತ್ತರೆ ಮುಖ ಗಾಜಿನಲ್ಲೇ ಉಳಿಯುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ. ಹೊಸ ಕಟ್ಟು ಹಾಕಿಸುವಾಗ ಚಿತ್ರದ ಸುತ್ತ ರಟ್ಟಿನ ಮೌಂಟ್ ಹಾಕಿಸಿದರೆ ಗಾಜಿಗೂ ಚಿತ್ರಕ್ಕೂ ಎರಡು ಮಿಲಿಮೀಟರ್ ಸಂದು ಸಿಗುತ್ತದೆ, ಅಷ್ಟೇ ಸಾಕು. ಹರಿದ ಚಿತ್ರಕ್ಕೂ ಪತ್ರಕ್ಕೂ ಸೆಲೋಟೇಪ್ ಹಚ್ಚಬೇಡಿ, ಅದರ ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ. ಲ್ಯಾಮಿನೇಷನ್ ಇನ್ನೂ ಕೆಟ್ಟದ್ದು, ಒಮ್ಮೆ ಮಾಡಿದರೆ ಬಿಡಿಸಲು ದಾರಿಯಿಲ್ಲ.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ನೆರೆಯನ್ನು ಹೊಳೆಸಾಲಿನ ಊರಿನವರು ಮರೆತಿಲ್ಲ. ಅಂಥ ಹೊತ್ತಿನಲ್ಲಿ ಫೋಟೋ ಉಳಿಸುವ ವಿಧಾನ ನೆನಪಿರಲಿ. ನೆನೆದ ಫೋಟೋಗಳ ಕಟ್ಟನ್ನು ಹಾಗೆಯೇ ಒಣಗಲು ಬಿಟ್ಟರೆ ಎಲ್ಲ ಒಂದೇ ಗಟ್ಟಿ ಹಲಗೆಯಾಗುತ್ತದೆ. ಇನ್ನೂ ಒದ್ದೆಯಿರುವಾಗಲೇ ತಣ್ಣನೆಯ ಶುದ್ಧ ನೀರಿನ ಬೋಗುಣಿಯಲ್ಲಿ ಮುಳುಗಿಸಿ, ನೀರಿನೊಳಗೇ ಒಂದೊಂದಾಗಿ ಬಿಡಿಸಿ, ಮುಖ ಮುಟ್ಟದೆ, ಮುಖ ಮೇಲಾಗಿ ಬಟ್ಟೆಯ ಮೇಲೆ ಹರಡಿ ನೆರಳಲ್ಲಿ ಒಣಗಿಸಬೇಕು. ಪುರುಸೊತ್ತಿಲ್ಲದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಯಾರದಾದರೂ ಫ್ರೀಜರಿಗೆ ಸೇರಿಸಿ, ತಿಂಗಳ ಮೇಲೆ ಬಿಡಿಸಿದರೂ ನಡೆಯುತ್ತದೆ.

ಹೆಸರು ಹಾಕಿಸಿದ ಪಾತ್ರೆ, ಅಪ್ಪನ ಗಡಿಯಾರ

ಆಯೇರಿಗೆ, ಅಂದರೆ ಮದುವೆಯ ಉಡುಗೊರೆಗೆ, ಕೊಡುವ ಪಾತ್ರೆಯ ಮೇಲೆ ಹೆಸರು ಹಾಕಿಸುವ ನಮ್ಮ ರೂಢಿ ಎಷ್ಟು ದೊಡ್ಡದೆಂದು ಕೊಟ್ಟವರು ಹೋದ ಮೇಲೆ ತಿಳಿಯುತ್ತದೆ. ಸೋದರಮಾವ ಹೋಗಿ ಎಷ್ಟೋ ವರ್ಷವಾಗಿರುತ್ತದೆ, ಅವನ ಹೆಸರು ದಿನಾ ಸಾರಿನ ಪಾತ್ರೆಯ ಅಂಚಿನಲ್ಲಿ ಓದಲು ಸಿಗುತ್ತದೆ. ಉಳಿಯಿಂದ ಚುಕ್ಕಿ ಚುಕ್ಕಿ ಕುಟ್ಟಿದ ಹಳೇ ಅಕ್ಷರ ಆಳವಾಗಿರುತ್ತವೆ, ಯಂತ್ರದಲ್ಲಿ ಗೀರಿದವು ತೆಳು. ಎರಡನ್ನೂ ಸವೆಸುವುದು ತಂತಿಯ ಉಜ್ಜುಗ ಮತ್ತು ಇಟ್ಟಿಗೆಪುಡಿ. ಹಿತ್ತಾಳೆ-ತಾಮ್ರಕ್ಕೆ ಹುಣಸೆಹಣ್ಣು, ಉಪ್ಪು, ಬರಿಗೈ ಸಾಕು; ತಕ್ಷಣ ತೊಳೆದು ಒರೆಸಿ. ಅಕ್ಷರ ಅಳಿಯುವ ಮುನ್ನ ತೆಳ್ಳನೆ ಕಾಗದವನ್ನು ಅದರ ಮೇಲಿಟ್ಟು ಪೆನ್ಸಿಲನ್ನು ಅಡ್ಡಲಾಗಿ ಸವರಿದರೆ ಹೆಸರು, ತಾರೀಖು ಕಾಗದಕ್ಕೆ ಇಳಿಯುತ್ತವೆ. ಒಳಗೆ ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಳಿಸಾರು ಮಾಡಬೇಡಿ. ಕಲಾಯಿ ಹಾಕುವವರು ಸಿಕ್ಕ ದಿನವೇ ಹಾಕಿಸಿಕೊಳ್ಳಿ, ಅವರು ಈಗ ಅಪರೂಪ.

ಕಿನ್ನಾಳದ ಗೊಂಬೆಯನ್ನು ಅಜ್ಜ ತಂದುಕೊಟ್ಟಿದ್ದರೆ ಅದಕ್ಕೆ ನೀರು ತೋರಿಸಬೇಡಿ. ಹಗುರ ಮರದ ತುಂಡುಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸಿ ಮೇಲೆ ಬಣ್ಣ ಕೂರಿಸಿದ ಕೆಲಸ ಅದು, ಒದ್ದೆ ಬಟ್ಟೆಯಿಂದ ಒರೆಸಿದರೂ ಬಣ್ಣದ ಪೊರೆ ಏಳುತ್ತದೆ. ಒಣ ಬ್ರಷ್ಷು ಸಾಕು.

ಅಪ್ಪನ ಗಡಿಯಾರ ಎಂದರೆ ಹತ್ತರಲ್ಲಿ ಎಂಟು ಮನೆಗಳಲ್ಲಿ ಎಚ್‌ಎಂಟಿ. 'ಜನತಾ'ದಂಥ ಕೀಲಿ ಕೊಡುವ ಗಡಿಯಾರ ವರ್ಷಗಟ್ಟಲೆ ನಿಂತರೆ ಒಳಗಿನ ಎಣ್ಣೆ ಒಣಗಿ ಗಟ್ಟಿಯಾಗುತ್ತದೆ. ಹಾಗೆ ನಿಂತದ್ದಕ್ಕೆ ಒಮ್ಮೆಗೇ ಕೀಲಿ ಕೊಟ್ಟು ಓಡಿಸಬೇಡಿ, ಒಣ ಹಲ್ಲುಗಳು ಸವೆಯುತ್ತವೆ. ಮೊದಲು ಬಿಚ್ಚಿಸಿ ಎಣ್ಣೆ ಹಾಕಿಸಿ. ಆಮೇಲೆ ತಿಂಗಳಿಗೊಂದು ದಿನ ಕೀಲಿ ಕೊಡಿ, ಬೆರಳಿಗೆ ತಡೆ ಸಿಕ್ಕ ಕೂಡಲೇ ನಿಲ್ಲಿಸಿ. ಎಚ್‌ಎಂಟಿ ಗಡಿಯಾರ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರಕಾರ ತೀರ್ಮಾನಿಸಿದ ಮೇಲೆ ಬಿಡಿಭಾಗ ಸಿಗುವುದು ಹಳೇ ಗಡಿಯಾರಗಳಿಂದಲೇ. ರಿಪೇರಿಯವರು ಡಯಲ್ಲು ಹೊಸದು ಹಾಕಿಕೊಡುತ್ತೇವೆ ಎಂದರೆ ಬೇಡವೆನ್ನಿ. ಅಪ್ಪ ನೋಡುತ್ತಿದ್ದದ್ದು ಆ ಮಾಸಿದ ಡಯಲ್ಲನ್ನೇ. ಸೆಲ್ ಹಾಕುವ ಗಡಿಯಾರವಾದರೆ ಸೆಲ್ ತೆಗೆದಿಡಿ, ಒಳಗೆ ಸೋರಿದರೆ ಯಂತ್ರ ಮುಗಿಯಿತು.

ದನಿ

ಮೊಹರಂ ಹಾಡು, ಸೋಬಾನೆ, ಭಜನೆ ಎಂದು ಟೇಪ್‌ರೆಕಾರ್ಡರಿನಲ್ಲಿ ಹಿಡಿದ ಕ್ಯಾಸೆಟ್ಟುಗಳು ಇನ್ನೂ ಎಷ್ಟೋ ಮನೆಗಳಲ್ಲಿವೆ. ಅವುಗಳಲ್ಲಿ ಹಾಡಿನ ನಡುವೆ ಅಜ್ಜಿ ಕೆಮ್ಮುತ್ತಾಳೆ, ಯಾರನ್ನೋ ಗದರುತ್ತಾಳೆ. ಮೊದಲ ಕೆಲಸ, ಕ್ಯಾಸೆಟ್ಟಿನ ಹಿಂಬದಿಯ ಎರಡು ಸಣ್ಣ ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿಯುವುದು. ಆಮೇಲೆ ಕೈತಪ್ಪಿ ಅದರ ಮೇಲೆ ರೆಕಾರ್ಡ್ ಆಗುವುದಿಲ್ಲ. ಕ್ಯಾಸೆಟ್ಟಿನ ಕಿಟಕಿಯಲ್ಲಿ ಟೇಪಿನ ಅಂಚು ಬಿಳಿ ಪುಡಿಯಂತೆ ಕಂಡರೆ ಬೂಸ್ಟು, ಹಾಕಬೇಡಿ, ಬಲ್ಲವರಿಗೆ ಕೊಡಿ. ಚೆನ್ನಾಗಿದ್ದರೆ ಒಮ್ಮೆ ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಓಡಿಸಿ, ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಇಯರ್‌ಫೋನ್ ಕಿಂಡಿಯಿಂದ ಲ್ಯಾಪ್‌ಟಾಪಿಗೆ ತಂತಿ ಕೊಟ್ಟು ಆಡಾಸಿಟಿ ಎಂಬ ದನಿ ಹಿಡಿಯುವ ತಂತ್ರಾಂಶದಲ್ಲಿ ಹಿಡಿಯಿರಿ. ದನಿ ಮಂಕಾಗಿ, ಏರಿಳಿದು ಕೇಳಿದರೆ ಬಹುಮಟ್ಟಿಗೆ ಟೇಪನ್ನು ಹೆಡ್ಡಿಗೆ ಒತ್ತುವ ಸಣ್ಣ ಮೆತ್ತೆ ಉದುರಿರುತ್ತದೆ. ಸ್ಕ್ರೂ ಇರುವ ಕ್ಯಾಸೆಟ್ಟಾದರೆ ಬಿಚ್ಚಿ ಸುರುಳಿಗಳನ್ನು ಬೇರೆ ಡಬ್ಬಿಗೆ ಕೂರಿಸಬಹುದು. ಹಾಗೆ ಹಿಡಿದ ವೇವ್ (WAV) ದನಿಫೈಲಿಗೆ ನಿಮಿಷಕ್ಕೆ ಸುಮಾರು ಹತ್ತು ಎಂಬಿ, ಅರವತ್ತು ನಿಮಿಷದ ಕ್ಯಾಸೆಟ್ಟಿಗೆ 600 ಎಂಬಿ ಜಾಗ ಬೇಕು. ಕೆಮ್ಮು, ಗದರಿಕೆ ಕತ್ತರಿಸಬೇಡಿ.

ಈಗಿನವರ ದನಿ ಇರುವುದು ವಾಟ್ಸಾಪ್‌ನಲ್ಲಿ. "ಉಂಡಿಯೇನವಾ? ಫೋನ್ ಮಾಡು" ಎಂಬ ಆರು ಸೆಕೆಂಡಿನ ಮಾತು. ಫೋನು ಕೆಟ್ಟರೆ, ಬದಲಾದರೆ ಅದು ಹೋಯಿತು. ಆಂಡ್ರಾಯ್ಡ್ ಫೋನಿನಲ್ಲಿ ವಾಟ್ಸಾಪ್ ಮೀಡಿಯಾದೊಳಗೆ 'ವಾಯ್ಸ್ ನೋಟ್ಸ್' ಎಂಬ ಫೋಲ್ಡರಿದೆ, ಅದರೊಳಗೆ ವಾರಕ್ಕೊಂದು ಉಪಫೋಲ್ಡರು, ಫೈಲಿನ ಹೆಸರಿನಲ್ಲೇ ತಾರೀಖು. ಅವರ ಮಾತುಗಳನ್ನು ಆರಿಸಿ ಕಂಪ್ಯೂಟರಿಗೂ ಒಂದು ಪೆನ್‌ಡ್ರೈವಿಗೂ ನಕಲಿಸಿ, ಹೆಸರು ಬದಲಿಸಿ ಇಡಿ. ತೀರಿಹೋದವರ ವಾಟ್ಸಾಪ್ ಖಾತೆ 120 ದಿನ ಬಳಕೆಯಿಲ್ಲದಿದ್ದರೆ ತಾನಾಗಿ ಅಳಿಯುತ್ತದೆ, ಅವರು ಹಾಕಿಕೊಂಡಿದ್ದ ಚಿತ್ರವೂ ಹೋಗುತ್ತದೆ. ಆ ಚಿತ್ರವನ್ನು ಮೊದಲೇ ತೆಗೆದಿಟ್ಟುಕೊಳ್ಳಿ.

ಚೀಟಿ

ಎಲ್ಲ ಆರೈಕೆ ಮಾಡಿಯೂ ಒಂದು ಬಿಟ್ಟರೆ ಎಲ್ಲ ಹೋದಂತೆ. ಮೂವತ್ತು ವರ್ಷದ ಮೇಲೆ ಟ್ರಂಕು ತೆರೆದವರಿಗೆ ಇದು ಯಾರದೆಂದು ಹೇಳುವವರು ಇರುವುದಿಲ್ಲ. ಹೆಸರು ಗೊತ್ತಿಲ್ಲದ ಸೀರೆ ಬರೀ ಹಳೇ ಅರಿವೆ. ಅದನ್ನು ಪಾತ್ರೆಯವನಿಗೆ ಹಾಕಿದರೆ ಮಕ್ಕಳ ತಪ್ಪೇನೂ ಇಲ್ಲ. ಆದ್ದರಿಂದ ಒಂದೊಂದಕ್ಕೂ ಚೀಟಿ ಬರೆಯಿರಿ. 'ಅಜ್ಜಿಯ ಸೀರೆ' ಎಂದರೆ ಸಾಲದು, ಬರೆದವರ ಮೊಮ್ಮಕ್ಕಳಿಗೆ ಅಜ್ಜಿ ಬೇರೆಯಾಗಿರುತ್ತಾಳೆ. ಪೂರ್ತಿ ಹೆಸರು, ತವರೂರು, ಬರೆಯುವವರಿಗೆ ಏನಾಗಬೇಕು, ಎಲ್ಲಿ ಕೊಂಡದ್ದು, ಯಾವಾಗ ಉಡುತ್ತಿದ್ದಳು, ಜತೆಗೆ ಅವಳು ಆಡುತ್ತಿದ್ದ ಒಂದು ಮಾತು. ಆ ಕೊನೆಯದನ್ನು ಅವಳ ಮಾತಿನ ಧಾಟಿಯಲ್ಲೇ ಬರೆಯಿರಿ, ತಿದ್ದಬೇಡಿ. ಇಂಕಿನ ಪೆನ್ನು ಬೇಡ, ನೀರು ಬಿದ್ದರೆ ಕದಡುತ್ತದೆ. ಮೆತ್ತನೆಯ ಪೆನ್ಸಿಲ್ ಒಳ್ಳೆಯದು. ಫೋಟೋದ ಹಿಂದೆ ಒತ್ತಿ ಬರೆದರೆ ಮುಖದ ಮೇಲೆ ಗೆರೆ ಮೂಡುತ್ತದೆ, ಗಾಜಿನಂಥ ಗಟ್ಟಿ ಸಮತಟ್ಟಿನ ಮೇಲೆ ಮುಖ ಕೆಳಗಿಟ್ಟು ಅಂಚಿನಲ್ಲಿ ಹಗುರವಾಗಿ ಬರೆಯಿರಿ. ಸೀರೆಗೆ ಕಾಗದದ ಚೀಟಿಯನ್ನು ಗುಂಡುಪಿನ್ನಿನಿಂದ ಚುಚ್ಚಬೇಡಿ, ತುಕ್ಕು ಬಟ್ಟೆಯನ್ನು ತೂತು ಮಾಡುತ್ತದೆ. ಅಂಗೈಯಗಲ ಬಿಳಿ ನೂಲಿನ ಬಟ್ಟೆಯ ಮೇಲೆ ಪೆನ್ಸಿಲಿನಲ್ಲಿ ಬರೆದು, ಅಕ್ಷರಗಳ ಮೇಲೆ ಕಪ್ಪು ದಾರದಿಂದ ಹೊಲಿದು, ಅದನ್ನು ಸೀರೆ ಸುತ್ತಿದ ಧೋತರಕ್ಕೆ ನಾಲ್ಕು ಹೊಲಿಗೆ ಹಾಕಿ ಕೂರಿಸಿ. ಕೌದಿಗಾದರೆ ಅಪ್ಪನ ಅಂಗಿಯ ಜೇಬಿನ ಒಳಮೈಗೆ.